ಯಥಾಪ್ರಕಾರದ ಆಕಾಶ

ಬಹಳ ಬಹಳ ಹಿಂದೆ, ಬಾನಗಿರಿ ಅಂತ ಒಂದು ರಾಜ್ಯ ಇತ್ತು. ಅದು ಎಲ್ಲಿ, ಯಾವ ಹೊಳೆಯ ದಡದಲ್ಲಿ ಅಂತ ನನ್ನನ್ನು ಕೇಳಬೇಡಿ. ನನಗೆ ಕತೆ ಹೇಳಿದವರೂ ಅದನ್ನು ಹೇಳಲಿಲ್ಲ. ಆ ರಾಜ್ಯದ ಆಕಾಶ ನಮ್ಮ ನಿಮ್ಮ ಆಕಾಶದ ಹಾಗೆ ತನ್ನಷ್ಟಕ್ಕೆ ತಾನು ಬದಲಾಗುತ್ತಿರಲಿಲ್ಲ. ದಿನಾ ನಡುಹಗಲಿಗೆ ಯಾರಾದರೂ ತಲೆಯೆತ್ತಿ ಅದನ್ನು ನೋಡಬೇಕು, ನೋಡಿದ್ದನ್ನು ಬರೆಯಬೇಕು. ಆಗ ಅದು ಮುಂದಕ್ಕೆ ಸರಿಯುತ್ತಿತ್ತು. ಅದಕ್ಕೆಂದೇ ಅರಮನೆಯಲ್ಲಿ ಬಾನವಹಿ ಎಂಬ ದೊಡ್ಡ ಪುಸ್ತಕವೊಂದಿತ್ತು. ಅದನ್ನು ಬರೆಯಲಿಕ್ಕೆ ಕರಿವೀರಪ್ಪ ಅಂತ ಒಬ್ಬ ಕರಣಿಕ ಇದ್ದ.

ಕರಿವೀರಪ್ಪ ಕೆಟ್ಟವನಲ್ಲ. ಉಂಡರೆ ನಿದ್ದೆ ಬರುವ ಮನುಷ್ಯ, ಅಷ್ಟೆ. ಒಂದು ಹಬ್ಬದ ದಿನ ಏಳು ಹೋಳಿಗೆ ತಿಂದ, ಮೇಲೆ ಕೈತುಂಬ ತುಪ್ಪ ಸುರಿದುಕೊಂಡ. ನಡುಹಗಲಾಯಿತು. ಅಷ್ಟು ತಿಂದ ಮೇಲೆ ಅಂಗಳಕ್ಕೆ ಹೋಗಿ ಕತ್ತು ಮೇಲೆತ್ತುವುದು ಯಾರ ಕೈಲಾಗುತ್ತದೆ ಹೇಳಿ? ಕೂತಲ್ಲೇ ಬಾನವಹಿ ತೆರೆದು ‘ಯಥಾಪ್ರಕಾರ’ ಅಂತ ಬರೆದುಬಿಟ್ಟ. ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಅಂತ ಅರ್ಥ. ಯಾರೂ ಬೈಯಲಿಲ್ಲ. ಮರುದಿನವೂ ಯಥಾಪ್ರಕಾರ. ಮೂರನೆಯ ದಿನವೂ ಯಥಾಪ್ರಕಾರ.

ಮೂರನೆಯದರ ಶಾಯಿ ಒಣಗುವ ಮೊದಲೇ ಆ ಅಕ್ಷರಗಳ ಒಳಗಿಂದ ಒಬ್ಬ ಮಾಂತ್ರಿಕ ಎದ್ದು ಬಂದ. ಬೂದು ಮೈ, ಬೂದು ಗಡ್ಡ, ಬೂದು ರುಮಾಲು.

“ಮೂರು ಸಲ ಕರೆದ್ರಿ, ಬಂದೆ,” ಅಂದ. “ನನ್ನ ಹೆಸರು ಮಬ್ಬಯ್ಯ. ಇನ್ನ ಮ್ಯಾಲೆ ನೀವು ನೋಡೋದು, ಬರಿಯೋದು ಏನೂ ತ್ರಾಸು ತಗೋಬ್ಯಾಡ್ರಿ. ಆರಾಮ ಮಕ್ಕೋರಿ.”

ಹಾಗೆಂದವನು ಅರಮನೆಯ ಮಾಳಿಗೆ ಹತ್ತಿದ. ಅಲ್ಲಿಂದ ಆಕಾಶಕ್ಕೆ ಹತ್ತಿದ. ನಡುಮಧ್ಯ ಚಕ್ಕಂಬಕ್ಕಳ ಹಾಕಿ ಕೂತ. ಆವತ್ತಿಗೆ ಬಾನಗಿರಿಯ ಆಕಾಶ ನಿಂತುಹೋಯಿತು.

ಬಿಸಿಲಿಲ್ಲ, ಮಳೆಯಿಲ್ಲ, ಬರೀ ಮಬ್ಬು. ಬೆಳಗಾಗುತ್ತಿತ್ತು, ಕತ್ತಲಾಗುತ್ತಿತ್ತು, ಆದರೆ ದಿನ ಮಾತ್ರ ಅದೇ ದಿನ. ಮಾಳಿಗೆಯ ಮೇಲೆ ಹಾಕಿದ ಹಪ್ಪಳ ಅರ್ಧ ಒಣಗಿದ್ದು ಅರ್ಧಕ್ಕೇ ನಿಂತಿತು. ಬಾಳೆಗೊನೆ ಕಾಯಾಗಿಯೇ ಉಳಿಯಿತು, ಕರು ಕರುವಾಗಿಯೇ ಉಳಿಯಿತು. ಹಾಗಂತ ಯಾರೂ ಉಪವಾಸ ಬೀಳಲಿಲ್ಲ. ಕಣಜದಿಂದ ಎಷ್ಟು ಜೋಳ ತೆಗೆದರೂ ಬೆಳಿಗ್ಗೆ ನೋಡಿದರೆ ನಿನ್ನೆಯಷ್ಟೇ ಇರುತ್ತಿತ್ತು. ರಾಜನಿಗಂತೂ ಬಲು ಖುಷಿ. ಅವನ ಮೀಸೆಯಲ್ಲಿ ಒಂದು ಕೂದಲೂ ಬೆಳ್ಳಗಾಗಲಿಲ್ಲ. “ಆಕಾಶ ನಿಂತ್ರ ನಿಲ್ಲಲಿ ಬಿಡ್ರಿ. ನಮಗೇನ ಕಡಿಮಿ ಆಗೈತಿ?” ಅನ್ನುತ್ತಿದ್ದ. ಜನರೂ ಹೌದು ಹೌದು ಅನ್ನುತ್ತಿದ್ದರು. ಹೀಗೇ ಒಂಬತ್ತು ವರ್ಷ ಕಳೆಯಿತು.

ಕಡಿಮೆಯಾದದ್ದು ಒಬ್ಬಳಿಗೆ. ಆಕೆ ಹಂಪವ್ವ, ಗುಡ್ಡದ ಮೇಲಿನ ಚಿಕ್ಕ ಶಾಲೆಯ ಅಕ್ಕೋರು. ಆಕಾಶ ನಿಂತ ದಿನ ಹಂಪವ್ವನಿಗೆ ಏಳು ತಿಂಗಳು. ಒಂಬತ್ತು ವರ್ಷವಾದ ಮೇಲೂ ಏಳೇ ತಿಂಗಳು. ದಿನಾ ಬೆಳಿಗ್ಗೆ ಹೊಟ್ಟೆಯೊಳಗಿನ ಕೂಸು ಎಡಗಡೆ ಪಕ್ಕೆಲುಬಿನ ಕೆಳಗೆ ಒಂದೇ ಒಂದು ಸಲ ಒದೆಯುತ್ತಿತ್ತು. ಆಮೇಲೆ ದಿನವಿಡೀ ಸುಮ್ಮನೆ. ನೀರಿಗೆ ಹೋದರೆ ಹೆಂಗಸರು ನಗುತ್ತಿದ್ದರು. “ಏನ್ರೀ ಅಕ್ಕೋರೆ, ನಿಮ್ಮ ಬಸುರಿನ ಕುಬಸದೂಟ ಉಂಡು ಒಂಬತ್ತು ವರ್ಷ ಆತು. ಹೆಸರಿಡೋ ಊಟ ಯಾವಾಗ್ರೀ?” ಹಂಪವ್ವನೂ ನಗುತ್ತಿದ್ದಳು. ಮನೆಗೆ ಬಂದು ಕೊಡ ಇಳಿಸಿ, ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಗಂಡ ಸೋಮಣ್ಣ ನೇಕಾರ. ಮಗ್ಗದ ಸದ್ದು ನಿಲ್ಲಿಸಿ ಸುಮ್ಮನೆ ಬಂದು ಪಕ್ಕದಲ್ಲಿ ಕೂಡುತ್ತಿದ್ದ.

ಶಾಲೆಯಲ್ಲಿ ಒಂಬತ್ತು ಮಕ್ಕಳು. ಎಲ್ಲರೂ ಎರಡನೇ ಇಯತ್ತೆ, ಒಂಬತ್ತು ವರ್ಷದಿಂದ ಎರಡನೇ ಇಯತ್ತೆ. ಪುಸ್ತಕವನ್ನು ಮೊದಲಿನಿಂದ ಕೊನೆಗೂ, ಕೊನೆಯಿಂದ ಮೊದಲಿಗೂ ಬಾಯಿಪಾಠ ಒಪ್ಪಿಸುತ್ತಿದ್ದರು. ಎಲ್ಲರ ಮುಂದಿನ ಹಲ್ಲೂ ಅಲ್ಲಾಡುತ್ತಿತ್ತು, ಒಬ್ಬರದೂ ಬೀಳುತ್ತಿರಲಿಲ್ಲ. ಅವರಲ್ಲಿ ಎಲ್ಲರಿಗಿಂತ ಸಣ್ಣವಳು ಫಕೀರಿ. ಬರೆಯುವುದರಲ್ಲಂತೂ ಬಲು ನಿಧಾನ. ಉಳಿದವರು ಪಾಟಿ ತುಂಬಿಸಿ ಒರೆಸುವ ಹೊತ್ತಿಗೆ ಆಕೆ ಎರಡನೇ ಸಾಲಿಗೆ ಬಂದಿರುತ್ತಿದ್ದಳು.

ಒಂದು ದಿನ ಫಕೀರಿ ಬರೆಯುವುದು ಬಿಟ್ಟು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. “ಅಕ್ಕೋರೆ, ಮಬ್ಬಯ್ಯ ಮಗ್ಗಲಾ ಬದಲಿ ಮಾಡಿದ ನೋಡ್ರೀ,” ಅಂದಳು.

ಹಂಪವ್ವ ಹೊಟ್ಟೆ ಹಿಡಿದುಕೊಂಡೇ ಅಂಗಳಕ್ಕೆ ಓಡಿದಳು, ಕತ್ತೆತ್ತಿದಳು. ಅದೇ ಮಬ್ಬು. “ಎಲ್ಲೈತಿ?”

“ಅಲ್ಲಿ ನೋಡ್ರೀ. ನಿನ್ನಿ ಆ ಮಬ್ಬಿನ ಮಡಿಕಿ ಹುಣಸಿಮರದ ಮ್ಯಾಲಿತ್ತು. ಇವತ್ತ ಬಾವಿ ಮ್ಯಾಲೆ ಬಂದೈತಿ.”

ಹಂಪವ್ವನಿಗೆ ಮಡಿಕೆಯೂ ಕಾಣಲಿಲ್ಲ, ಮತ್ತೊಂದೂ ಕಾಣಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ನಾಲ್ಕು ಜನರನ್ನು ಕರೆದು ತೋರಿಸಿದಳು; ಅವರಿಗೂ ಕಾಣಲಿಲ್ಲ. ಮಕ್ಕಳಿಗೆ ಮಾತ್ರ ಎಲ್ಲರಿಗೂ ಕಂಡಿತು. ಒಂಬತ್ತು ವರ್ಷ ತಲೆಯೆತ್ತದೆ ದೊಡ್ಡವರ ಕಣ್ಣಿಗೆ ಪೊರೆ ಬಂದುಬಿಟ್ಟಿತ್ತು. ಅವರು ಮೇಲೆ ನೋಡಿದರೆ ನಿನ್ನೆಯೇ ಕಾಣುತ್ತಿತ್ತು.

ಹಂಪವ್ವ ನೇರ ಅರಮನೆಗೆ ನಡೆದಳು. ಕರಿವೀರಪ್ಪನನ್ನು ಎಬ್ಬಿಸಿ, ಆಕಾಶ ಯಾಕೆ ನಿಂತಿತು ಅಂತ ಕೇಳಿದಳು. ಆತ ಕಣ್ಣುಜ್ಜುತ್ತ ಬಾನವಹಿ ತೆಗೆದ. ಆತ ಬರೆದದ್ದು ಮೂರೇ ಸಲ. ಮುಂದೆ ಪುಟಪುಟವೂ ಅದೇ ಮಾತು ತಾನೇ ಬರೆದುಕೊಂಡಿತ್ತು. ಆದರೆ ಎಲ್ಲಕ್ಕಿಂತ ಮೊದಲಿನ ಪುಟದಲ್ಲಿ, ಆ ರಾಜ್ಯ ಕಟ್ಟಿದ ರಾಣಿ ತನ್ನ ಕೈಯಾರೆ ಬರೆದ ಮೂರು ಸಾಲು ಇದ್ದವು:

“ಆಕಾಶ ನಿಂತುಹೋದರೆ ಇಪ್ಪತ್ತೊಂದು ದಿನ ಕಣ್ಣಾರೆ ನೋಡಿ ಬರೆಯಿರಿ. ಅದು ಬಿಡುಗಡೆ ಹೊಂದುವುದು. ನಡುವೆ ಒಂದು ದಿನ ತಪ್ಪಿದರೂ, ಒಂದು ಸುಳ್ಳು ಬರೆದರೂ, ಒಂದು ಯಥಾಪ್ರಕಾರ ಬರೆದರೂ ನಿಂತ ಆಕಾಶ ಇನ್ನೆಂದಿಗೂ ನಿಂತೇ ಇರುವುದು.”

“ಇದನ್ನ ಓದಿದ್ರೇನ್ರೀ ನೀವು?” ಅಂದಳು ಹಂಪವ್ವ.

“ಓದಿದ್ನೆವ್ವ. ಇಪ್ಪತ್ತೊಂದು ದಿನ ಅಂದ್ರ ಅಂಜಿಕಿ ಬಂತು,” ಅಂದ ಕರಿವೀರಪ್ಪ. ಪಾಪ, ತಲೆ ತಗ್ಗಿಸಿದ.

ರಾಜ ಬಾನವಹಿಯನ್ನು ಕೊಡಲು ಏನೂ ಹಟ ಮಾಡಲಿಲ್ಲ. “ಹುಡುಗ್ರ ಆಟ. ಒಯ್ಯಿರಿ ಒಯ್ಯಿರಿ,” ಅಂತ ಮೀಸೆ ತಿರುವಿ ನಕ್ಕ. ಹಂಪವ್ವ ಪುಸ್ತಕವನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಗೆದ್ದರೆ ಕೂಸು ಹುಟ್ಟುತ್ತದೆ. ತಪ್ಪಿದರೆ, ಎಂದೆಂದಿಗೂ ಏಳೇ ತಿಂಗಳು.

ಮರುದಿನ ಶಾಲೆ ಶಾಲೆಯ ಹಾಗಿರಲಿಲ್ಲ. ಹಂಪವ್ವ ಅಂಗಳದ ನಡುವೆ ಸುಣ್ಣದಲ್ಲಿ ದೊಡ್ಡ ಚಕ್ರ ಬರೆದಳು. ಎಂಟು ದಿಕ್ಕಿಗೆ ಎಂಟು ಮಕ್ಕಳನ್ನು ಹೊರಮುಖ ಮಾಡಿ ನಿಲ್ಲಿಸಿದಳು. ಪೂರ್ವಕ್ಕೆ ಗೂಳಪ್ಪ, ಅಕ್ಕೋರು ಅಂದರೆ ಪ್ರಾಣ ಕೊಡುವ ಹುಡುಗ. ಪಶ್ಚಿಮಕ್ಕೆ ಇಮಾಂಬಿ, ಜಗಳಕ್ಕೂ ಲೆಕ್ಕಕ್ಕೂ ಮುಂದು. ನಡುವೆ ಫಕೀರಿ, ಅಂಗಾತ ಮಲಗಿ ನೆತ್ತಿಯ ಮೇಲಿನದನ್ನು ನೋಡಬೇಕು. ಗಾಳಿ ತಿಳಿಯಲು ಒಂದು ಕೋಲಿನ ತುದಿಗೆ ಸೋಮಣ್ಣನ ಮಗ್ಗದ ಕೆಂಪು ದಾರ ಕಟ್ಟಿದ್ದಾಯಿತು. ತೇವ ತಿಳಿಯಲು ಒಂದು ಕುಡಿಕೆಯಲ್ಲಿ ಉಪ್ಪು ಇಟ್ಟದ್ದಾಯಿತು. ಉಪ್ಪು ಬೆವರಿದರೆ ಗಾಳಿಯಲ್ಲಿ ನೀರಿದೆ ಅಂತ ಗುರುತು. ಹೊತ್ತು ಅಳೆಯಲು ಗಳಿಗೆ ಬಟ್ಟಲು, ಅಂದರೆ ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ನಡುಹಗಲಿಗೆ ಅದನ್ನು ನೀರಿನ ಮೇಲೆ ತೇಲಿಬಿಟ್ಟರೆ ಒಂದು ಗಳಿಗೆಗೆ ಸರಿಯಾಗಿ ಮುಳುಗುತ್ತದೆ. ಅಷ್ಟರೊಳಗೆ ಮಕ್ಕಳು ನೋಡಿ ಪಾಟಿಯ ಮೇಲೆ ಬರೆಯಬೇಕು, ಅಕ್ಕೋರು ಅದನ್ನು ಬಾನವಹಿಗೆ ಇಳಿಸಬೇಕು.

ಬಟ್ಟಲು ತೇಲಿಬಿಟ್ಟರು. ಮಕ್ಕಳು ಬರೆದು ತೋರಿಸಿದರು. ಎಂಟು ಪಾಟಿಯ ಮೇಲೂ ‘ಯಥಾಪ್ರಕಾರ’! ಮಕ್ಕಳದೇನು ತಪ್ಪು? ಮನೆಯಲ್ಲಿ ದಿನಾ ಕೇಳುವುದು ಅದೇ ಮಾತು.

“ಒರಸ್ರಿ, ಒರಸ್ರಿ!” ಅಂತ ಹಂಪವ್ವ ಚೀರಿದಳು. “ಆ ಶಬ್ದಕ್ಕ ನಮ್ಮ ಶಾಲಿ ಹೊಸ್ತಿಲಾ ದಾಟಿ ಬರಾಕ ಪರವಾನಗಿ ಇಲ್ಲ. ಕಣ್ಣಿಗೆ ಏನ ಕಾಣತೈತಿ ಅದನ್ನ ಬರೀರಿ.”

“ಎಮ್ಮಿ ಬೆನ್ನಿನಂಗ ಕಾಣತೈತ್ರೀ. ಅದನ್ನ ಬರೀಬೌದಾ?” ಅಂದಳು ಇಮಾಂಬಿ.

“ಎಮ್ಮಿ ಬೆನ್ನಿನಂಗ ಕಂಡ್ರ ಎಮ್ಮಿ ಬೆನ್ನು ಅಂತನ ಬರಿ.”

ಬರೆದರು. ಪೂರ್ವದಲ್ಲಿ ಬೂದು, ಪಶ್ಚಿಮದಲ್ಲಿ ಎಮ್ಮೆ ಬೆನ್ನು, ಗಾಳಿ ಇಲ್ಲ, ಉಪ್ಪು ಒಣಗಿದೆ. ಬಟ್ಟಲು ಬುಳುಕ್ಕನೆ ಮುಳುಗಿತು. ಮೊದಲ ದಿನ ಮುಗಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಕೂಸು ಎಡಗಡೆ ಒಂದು ಸಲ ಒದೆಯಿತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಒದೆಯಿತು. ಹಂಪವ್ವ ಹಿಟ್ಟು ಕಲಸುತ್ತಿದ್ದ ಕೈಯಲ್ಲೇ ಗಂಡನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಮೇಲೆ ಕೂತ ಮಬ್ಬಯ್ಯನಿಗೆ ಕುಂಡಿಯಡಿ ಮುಳ್ಳು ಚುಚ್ಚಿದಂತಾಯಿತು. ಆತ ಮೊದಲನೆಯ ಅಡ್ಡಿ ಕಳಿಸಿದ.

ಆರನೆಯ ದಿನ ನಡುಹಗಲಿಗೆ ಗುಡ್ಡದ ಮೇಲೆ ಮಂಜಿನ ಎಮ್ಮೆಯೊಂದು ಬಂದು ಮಲಗಿತು. ಶಾಲೆಗಿಂತ ದೊಡ್ಡದು. ಅದರ ಮೈಯೊಳಗೆ ಸಿಕ್ಕ ಮಕ್ಕಳಿಗೆ ಆಕಾಶವಿರಲಿ, ಅಂಗಳದಾಚೆಯ ಹುಣಸೆಮರವೂ ಕಾಣದು. ಬಟ್ಟಲು ತುಂಬುತ್ತಿತ್ತು.

“ಏನೂ ಕಾಣಸವಲ್ದ್ರೀ ಅಕ್ಕೋರೆ! ಏನ ಬರಿಯೂಣು?” ಅಂತ ಗೂಳಪ್ಪ ಕೂಗಿದ.

“ಎಲ್ಲೀತನಕ ಕಾಣಸತೈತಿ ಅಷ್ಟನ್ನ ಬರೀರಿ!” ಅಂದಳು ಹಂಪವ್ವ.

ಮಕ್ಕಳು ಕೈ ಚಾಚಿಕೊಂಡು ಹೆಜ್ಜೆ ಎಣಿಸಿದರು. ಪೂರ್ವದಲ್ಲಿ ನಾಲ್ಕು ಹೆಜ್ಜೆ ಕಾಣುತ್ತದೆ, ಆಮೇಲೆ ಮಂಜು. ಪಶ್ಚಿಮದಲ್ಲಿ ಆರು ಹೆಜ್ಜೆ, ಆಮೇಲೆ ಮಂಜು. ಮಂಜು ತಣ್ಣಗಿದೆ, ಮೂಗಿಗೆ ಹಸಿ ಮಣ್ಣಿನ ವಾಸನೆ, ಉಪ್ಪು ಬೆವರಿದೆ. ಒಂದೊಂದು ಸಾಲು ಬರೆದಂತೆ ಎಮ್ಮೆ ಒಂದೊಂದು ಮೊಳ ಕುಗ್ಗಿತು. ಕೊನೆಗೆ ಅಂಗೈಯಗಲದ ಕರುವಾಗಿ, ಫಕೀರಿಯ ಪಾಟಿಯನ್ನು ಒಮ್ಮೆ ನೆಕ್ಕಿ, ಗುಡ್ಡ ಇಳಿದು ಹೋಯಿತು.

ಹನ್ನೆರಡನೆಯ ದಿನ ಬಂದದ್ದು ಗಿಳಿ. ಬೂದು ಬಣ್ಣದ ಗಿಳಿ, ಮಾತು ಸಕ್ಕರೆ. ಮಕ್ಕಳ ಹೆಗಲಿನಿಂದ ಹೆಗಲಿಗೆ ಹಾರುತ್ತ ಕಿವಿಯಲ್ಲಿ ಉಸುರಿತು: “ಯಾಕ್ ಕತ್ತು ನೋವು ಮಾಡ್ಕೋತಿ ನನ್ನ ಬಂಗಾರ? ಗೂಳಪ್ಪ ಬರದಾನಲ್ಲ, ನಾ ಹೇಳತೀನಿ, ಬರಕೋ.” ಮಕ್ಕಳು ಮಕ್ಕಳೇ ಅಲ್ಲವೇ, ಬರೆದುಕೊಂಡರು. ಹಂಪವ್ವ ಪಾಟಿಗಳನ್ನು ಸಾಲಾಗಿಟ್ಟು ನೋಡಿದಳು. ಎಲ್ಲ ಅಚ್ಚುಕಟ್ಟು, ಎಲ್ಲ ಒಂದೇ. ಬಾನವಹಿಯ ಮೇಲೆ ಲೇಖನಿ ಇಡಬೇಕು ಅನ್ನುವಾಗ ಆಕೆಯ ಕಣ್ಣು ಒಂದು ಶಬ್ದದ ಮೇಲೆ ನಿಂತಿತು. ಗೂಳಪ್ಪ ಯಾವಾಗಲೂ ದೀರ್ಘ ಮರೆತು ‘ಮೊಡ’ ಅಂತಲೇ ಬರೆಯುತ್ತಿದ್ದ. ಇವತ್ತು ಎಂಟು ಪಾಟಿಯ ಮೇಲೂ ‘ಮೊಡ’! ಫಕೀರಿಯದೊಂದರಲ್ಲಿ ಮಾತ್ರ ಅಷ್ಟು ದೂರ ಬರವಣಿಗೆ ಬಂದೇ ಇರಲಿಲ್ಲ.

“ಇಮಾಂಬಿ, ಮೋಡಕ್ಕ ದೀರ್ಘ ಎಲ್ಲಿ ಹೋತವ್ವ?”

ಇಮಾಂಬಿ ಮುಖ ಕೆಂಪು ಮಾಡಿಕೊಂಡು ಗಿಳಿಯನ್ನು ನೋಡಿದಳು. ಗಿಳಿ ಮೇಲೆ ನೋಡಿತು.

ಹಂಪವ್ವ ಬೈಯಲಿಲ್ಲ. ಬಟ್ಟಲು ಮುಕ್ಕಾಲು ತುಂಬಿತ್ತು, ಬೈಯಲಿಕ್ಕೆ ಪುರುಸೊತ್ತೆಲ್ಲಿ? “ಒರಸ್ರಿ. ಕಿವಿ ಮುಚ್ಕೋರಿ, ಕಣ್ಣು ತೆರಿರಿ, ನಿಮ್ಮ ನಿಮ್ಮ ದಿಕ್ಕು ನೋಡಿ ಬಾಯಿಲೆ ಹೇಳ್ರಿ, ನಾ ಬರೀತೀನಿ!” ಎಂಟು ಮಕ್ಕಳು ಎಂಟು ಥರ ಕೂಗಿದರು. ಒಬ್ಬಳಿಗೆ ಮೀನಿನ ಹುರುಪೆ ಕಂಡಿತ್ತು, ಒಬ್ಬನಿಗೆ ಹಿಂಜಿದ ಅರಳೆ. ಎಂಟನ್ನೂ ಒಟ್ಟಿಗೆ ಹೇಳಲು ಹೋಗಿ ಗಿಳಿಯ ಗಂಟಲು ಕಟ್ಟಿತು. ಕೆಮ್ಮುತ್ತ ಹಾರಿಹೋಯಿತು. ಆ ವಾರ ಕೂಸು ಹೊಟ್ಟೆಯಲ್ಲಿ ಮಗ್ಗಲು ತಿರುಗಿ ಬಲಗಡೆಗೆ ಬಂತು. ಹಂಪವ್ವ ನಡೆಯುವಾಗಲೂ ಹಾಡುತ್ತಿದ್ದಳು.

ಹದಿನಾಲ್ಕಾಯಿತು, ಹದಿನೆಂಟಾಯಿತು, ಇಪ್ಪತ್ತಾಯಿತು. ಇಪ್ಪತ್ತೊಂದನೆಯ ದಿನ ನಡುಹಗಲು ಬಂತು. ಸೋಮಣ್ಣ ಬಂದಿದ್ದ, ಕರಿವೀರಪ್ಪ ಬಂದಿದ್ದ, ಊರ ಅರ್ಧ ಜನ ಗುಡ್ಡ ಹತ್ತಿದ್ದರು. ಬಟ್ಟಲು ತೇಲಿಬಿಟ್ಟರು. ಮಕ್ಕಳು ತಲೆಯೆತ್ತಿದರು. ಬಹಳ ಹೊತ್ತು ಒಬ್ಬರೂ ಬಳಪ ಎತ್ತಲಿಲ್ಲ.

“ಯಾಕ? ಏನಾತು?”

“ನಿನ್ನಿಯಂಗನ ಐತ್ರೀ ಅಕ್ಕೋರೆ,” ಅಂದಳು ಇಮಾಂಬಿ. “ಒಂದ್ ಎಳಿನೂ ಆಕಡೆ ಈಕಡೆ ಆಗಿಲ್ಲ.”

ಮಬ್ಬಯ್ಯ ಕೊನೆಯ ಅಡ್ಡಿಗೆ ಯಾವ ಪ್ರಾಣಿಯನ್ನೂ ಕಳಿಸಿರಲಿಲ್ಲ. ನಿನ್ನೆ ನಡುಹಗಲಿಗೆ ಹೇಗೆ ಕೂತಿದ್ದನೋ ಹಾಗೇ ಕೂತಿದ್ದ. ತುಟಿ ಮಾತ್ರ ಅಲ್ಲಾಡಿಸಿದ.

“ಬರೀರಿ ಅಕ್ಕೋರೆ. ನಿನ್ನಿಯಂಗ ಐತಿ ಅಂದ್ರ ಯಾವ ಶಬ್ದ ಬರೀಬೇಕು ನಿಮಗ ಗೊತ್ತೈತಿ. ಅದನ್ನ ಬರೆದ್ರೂ ನಾನ ಗೆದ್ದೆ. ಬ್ಯಾರೆ ಏನರ ಬರೆದ್ರ ಅದು ಸುಳ್ಳು, ಆಗೂ ನಾನ ಗೆದ್ದೆ.” ಹಾಗೆಂದು ಉಸಿರು ಬಿಗಿಹಿಡಿದು ಕೂತ.

ಬಟ್ಟಲಿನಲ್ಲಿ ನೀರು ಏರುತ್ತಿತ್ತು. ಇಪ್ಪತ್ತು ದಿನ ಮಕ್ಕಳಿಗೆ ಹೇಳಿದ್ದೆಲ್ಲ ಆ ಕ್ಷಣ ಹಂಪವ್ವನಿಗೆ ಮರೆತುಹೋಯಿತು. ಕೂಸೊಂದೇ ನೆನಪಿತ್ತು. ಪೂರ್ವದ ಮೂಲೆಯಲ್ಲಿ ನಿಂತ ಗೂಳಪ್ಪನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು.

“ಗೂಳಪ್ಪಾ, ಅಲ್ಲಿ ತುದಿಗೆ ಒಂಚೂರು ಬೆಳ್ಳಗ ಕಾಣತೈತಿ, ಅಲ್ಲೇನಪಾ? ಒಂದ್ ಚೂರ?”

ಗೂಳಪ್ಪ ಅಕ್ಕೋರ ಮುಖ ನೋಡಿದ. ಅಕ್ಕೋರ ಹೊಟ್ಟೆ ನೋಡಿದ. ಹೌದು ಅನ್ನಬೇಕು ಅಂತ ಅವನಿಗೆ ಎಷ್ಟು ಆಸೆಯಿತ್ತೋ ದೇವರೇ ಬಲ್ಲ. ತಿರುಗಿ ಆಕಾಶ ನೋಡಿದ, ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ.

“ಇಲ್ರೀ ಅಕ್ಕೋರೆ. ಇಲ್ಲ. ಬರೇ ಬೂದು ಐತ್ರೀ.”

ಹಂಪವ್ವನಿಗೆ ನಾಚಿಕೆಯಾಯಿತು. ಎಂಥ ನಾಚಿಕೆ ಅಂದರೆ ಭೂಮಿ ಬಾಯಿಬಿಡಬಾರದೇ ಅನ್ನಿಸುವಂಥದ್ದು. ಲೇಖನಿ ಕೆಳಗೆ ಬಿಟ್ಟು ಹುಡುಗನನ್ನು ತಬ್ಬಿಕೊಂಡಳು. “ತಪ್ಪಾತಪಾ. ನಾ ಹಂಗ ಕೇಳಬಾರದಿತ್ತು. ತಪ್ಪಾತು,” ಅಂದಳು. ಆಕೆಯೂ ಅತ್ತಳು, ಅದನ್ನು ನೋಡಿ ಉಳಿದ ಮಕ್ಕಳೂ ಅತ್ತರು, ಕರಿವೀರಪ್ಪನೂ ಶಲ್ಯದಲ್ಲಿ ಮೂಗು ಒರೆಸಿಕೊಂಡ.

“ಎಲ್ಲಾರೂ ಯಾಕ ಅಳಾಕತ್ತೀರಿ?” ಅಂತ ನೆಲದ ಮೇಲಿಂದ ಒಂದು ದನಿ ಬಂತು. ಫಕೀರಿ ಅಂಗಾತ ಮಲಗಿ, ಪಾಟಿಯನ್ನು ಎದೆಯ ಮೇಲೆ ಇಟ್ಟುಕೊಂಡು, ನಾಲಗೆ ಹೊರಗೆ ಚಾಚಿ ಬರೆಯುತ್ತಿದ್ದಳು. “ನಂದಿನ್ನೂ ಮುಗಿದಿಲ್ಲ.”

“ಏನ ಬರಿಯಾಕತ್ತೀದಿ ಫಕೀರಿ?”

“ನೆತ್ತಿ ಮ್ಯಾಲೆ ಮೋಡ ಐತಿ. ಬೂದು ಐತಿ. ದಪ್ಪ ಐತಿ. ಅದಕ್ಕ ಅಂಚು ಇಲ್ಲ.”

“ಅದು ನಿನ್ನಿ ಬರೆದದ್ದಲ್ಲೇನ?” ಅಂದಳು ಇಮಾಂಬಿ.

“ನಿನ್ನಿದು ನಿನ್ನಿ ನೋಡಿ ಬರದೆ. ಇದು ಇವತ್ತ ನೋಡಿ ಬರಿಯಾಕತ್ತೀನಿ. ಎರಡೂ ಒಂದ ಥರ ಅದಾವು ಅಂದ್ರ ನಾ ಏನ ಮಾಡ್ಲಿ?” ಅಂದಳು ಫಕೀರಿ. ಆಕೆಗೆ ನಡುವೆ ಮಾತಾಡಿಸಿದ್ದಕ್ಕೆ ಸಿಟ್ಟು ಬಂದಿತ್ತು.

ಹಂಪವ್ವ ಅಳುತ್ತಿದ್ದವಳು ನಕ್ಕುಬಿಟ್ಟಳು. “ನೋಡ್ರಿ!” ಅಂದಳು. “ಎಲ್ಲಾರೂ ನೋಡ್ರಿ, ಎಲ್ಲಾನೂ ಬರೀರಿ. ಒಂದ್ ಅಕ್ಷರಾನೂ ಬಿಡಬ್ಯಾಡ್ರಿ!”

ಎಂಟು ಬಳಪಗಳು ಕಿರಕಿರ ಅಂದವು. ಪೂರ್ವದಲ್ಲಿ ಬೂದು ಮೋಡ, ಕೆಳಗೆ ಇಳಿದಿದೆ. ಪಶ್ಚಿಮದಲ್ಲಿ ಎಮ್ಮೆ ಬೆನ್ನು. ಉಪ್ಪು ಬೆವರಿದೆ. ಒಬ್ಬೊಬ್ಬರೇ ಬರೆದು ಮುಗಿಸಿದರು, ಹಂಪವ್ವ ಬಾನವಹಿಗೆ ಇಳಿಸಿದಳು. ಉಳಿದದ್ದು ಫಕೀರಿ ಒಬ್ಬಳೇ. ಆಕೆ ಒಂದು ಅಕ್ಷರ ಬರೆಯುವುದು, ಮೇಲೆ ನೋಡುವುದು, ಇನ್ನೊಂದು ಅಕ್ಷರ ಬರೆಯುವುದು. ಬಟ್ಟಲು ಕಂಠದವರೆಗೆ ತುಂಬಿತು. ಮಬ್ಬಯ್ಯನ ಬೂದು ಮುಖ ಊದಿತು, ಕಣ್ಣು ಹೊರಗೆ ಬಂತು. ಎಷ್ಟು ಹೊತ್ತು ಅಂತ ಉಸಿರು ಕಟ್ಟಿಯಾನು? ಫಕೀರಿ ‘ಗಾಳಿ’ ಅನ್ನುವ ಶಬ್ದಕ್ಕೆ ಬರುವಷ್ಟರಲ್ಲಿ ತಡೆಯಲಾರದೆ ಬುಸ್ಸೆಂದು ಉಸಿರು ಬಿಟ್ಟ.

ಕೋಲಿನ ತುದಿಯ ಕೆಂಪು ದಾರ ಅಲುಗಿತು.

“ಅಕ್ಕೋರೆ, ಗಾಳಿ ಬಂತು. ಬರೀಲೇನ್ರೀ?”

“ಬರಿಯವ್ವ, ಬರಿ!”

‘ಗಾಳಿ ಬಂತು’ ಅಂತ ಫಕೀರಿ ಬರೆದಳು. ಹಂಪವ್ವ ಅದನ್ನು ಬಾನವಹಿಗೆ ಇಳಿಸಿ ಚುಕ್ಕೆ ಇಟ್ಟಳು. ಬಟ್ಟಲು ಮುಳುಗಿತು.

ಮಬ್ಬಯ್ಯ ಕೂತ ಜಾಗದಲ್ಲಿ ಆಕಾಶ ಎರಡಾಗಿ ಬಿರಿಯಿತು. ಒಂಬತ್ತು ವರ್ಷ ಬಾರದ ಮಳೆ ಒಮ್ಮೆಲೇ ಸುರಿಯಿತು. ಬಾನವಹಿಯ ಪುಟಪುಟದ ಯಥಾಪ್ರಕಾರಗಳೆಲ್ಲ ಕರಗಿ ಬೂದು ನೀರಾಗಿ ಗುಡ್ಡ ಇಳಿದವು. ಅವುಗಳ ಜೊತೆ ಮಬ್ಬಯ್ಯನೂ ಹರಿದುಹೋದ, ಮೊದಲು ರುಮಾಲು, ಆಮೇಲೆ ಗಡ್ಡ, ಆಮೇಲೆ ಉಳಿದದ್ದೆಲ್ಲ. ಮಕ್ಕಳು ಕಣ್ಣಾರೆ ನೋಡಿ ಬರೆದ ಇಪ್ಪತ್ತೊಂದು ಪುಟ ಮಾತ್ರ ಒದ್ದೆಯಾಗಲಿಲ್ಲ. ದೊಡ್ಡವರು ಮುಖ ಮೇಲೆತ್ತಿ ನಿಂತರು. ಮಳೆನೀರು ಕಣ್ಣಿನ ಪೊರೆ ತೊಳೆಯಿತು. “ಅಯ್ಯ, ಎಷ್ಟ ದೊಡ್ಡದೈತಲೇ ಇದು!” ಅಂದ ಕರಿವೀರಪ್ಪ, ಆಕಾಶ ನೋಡಿ.

ಆಮೇಲೆ ಏನೇನಾಯಿತು ಅಂತ ಹೇಳಬೇಕೇ? ಮೂರನೆಯ ದಿನಕ್ಕೆ ಹಪ್ಪಳ ಒಣಗಿದವು. ಎಂಟು ದಿನದೊಳಗೆ ಒಂಬತ್ತು ಮಕ್ಕಳ ಹಲ್ಲೂ ಬಿದ್ದವು. ರಾಜನ ಮೀಸೆಯಲ್ಲಿ ಒಂದು ಬಿಳಿ ಕೂದಲು ಬಂತು. ಎರಡು ದಿನ ಊಟ ಬಿಟ್ಟ, ಮೂರನೆಯ ದಿನ ಸರಿಹೋದ. ಊರೂರಿನ ಶಾಲೆಯ ಅಂಗಳದಲ್ಲಿ ಸುಣ್ಣದ ಚಕ್ರ ಬರೆಯಬೇಕು, ಮಕ್ಕಳು ದಿನಾ ಆಕಾಶ ನೋಡಬೇಕು ಅಂತ ಡಂಗುರ ಸಾರಿಸಿದ. ಕರಿವೀರಪ್ಪ ಊರೂರಿಗೆ ಗಳಿಗೆ ಬಟ್ಟಲು ಹೊತ್ತುಕೊಂಡು ತಿರುಗಿದ, ಅರ್ಧ ಸಣ್ಣಗಾದ.

ಮತ್ತೆ ಎರಡು ತಿಂಗಳಿಗೆ, ಒಂದು ಗುರುವಾರ ನಡುಹಗಲಿಗೆ, ಹಂಪವ್ವನಿಗೆ ಹೆಣ್ಣು ಕೂಸು ಹುಟ್ಟಿತು. ಕೂಸು ಊರಿಗೆಲ್ಲ ಕೇಳುವಂತೆ ಅತ್ತಿತು. ಹೆಸರಿಡುವ ಊಟಕ್ಕೆ ನೀರಿಗೆ ಬರುತ್ತಿದ್ದ ಹೆಂಗಸರೆಲ್ಲ ಬಂದರು. ಸೋಮಣ್ಣ ತಾನೇ ನೇಯ್ದ ಬಟ್ಟೆಯಲ್ಲಿ ಒಂದು ಕುಲಾವಿ ಹೊಲಿಸಿ ತಂದು ಕೂಸಿನ ತಲೆಗೆ ಕಟ್ಟಿದ.

ಮೂರು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಸೋಮಣ್ಣ ಮಗ್ಗ ಬಿಟ್ಟು ಒಳಗೆ ಬಂದಾಗ ಹಂಪವ್ವ ತೊಟ್ಟಿಲ ಪಕ್ಕ ಆ ಕುಲಾವಿ ಹಿಡಿದುಕೊಂಡು ಅಳುತ್ತ ಕೂತಿದ್ದಳು.

“ಯಾಕ, ಏನಾತು?” ಅಂದ, ಗಾಬರಿಯಾಗಿ.

“ಕುಲಾವಿ ಸಣ್ಣದಾತು,” ಅಂದಳು.

“ಅಷ್ಟಕ್ಕ ಅಳತಾರೇನ? ನಾಳಿಗೆ ಹೊಸದು ಹೊಲಿಸ್ತೀನಿ.”

“ಹೊಸದು ಬೇಕು ಅನ್ನಲಿಲ್ಲ ನಾನು,” ಅಂದಳು ಹಂಪವ್ವ. ಅಳುತ್ತಿದ್ದ ಮುಖದ ತುಂಬ ನಗು ಬಂದಿತ್ತು. “ಸಣ್ಣದಾತು ಅಂದೆ. ನೋಡ್ರಿ ಇಲ್ಲಿ, ತಲಿಗೆ ಹಿಡಿಸವಲ್ದು.”

ಸೋಮಣ್ಣ ಕುಲಾವಿಯನ್ನು ಕೈಗೆ ತೆಗೆದುಕೊಂಡ, ಕೂಸಿನ ತಲೆಗೆ ಹಿಡಿದು ನೋಡಿದ. ನಿಜ, ಎರಡು ಬೆರಳು ಸಾಲದು. ಆತನೂ ಪಕ್ಕದಲ್ಲಿ ಕೂತುಕೊಂಡ.

ಬಾನಗಿರಿಯವರು ಹೀಗೆ ಸುಖವಾಗಿ ಬೆಳೆದರು, ಸುಖವಾಗಿ ಹಣ್ಣಾದರು. ಕತೆ ಕೇಳುತ್ತ ಕೂತ ನಾವೂ ಅಷ್ಟರಲ್ಲಿ ಒಂದು ಗಳಿಗೆ ದೊಡ್ಡವರಾದೆವು.